ಮೊದಲು ತಿಳಿಯಬೇಕಾದವಳು

ಊರಿನ ಯಾವ ಔಷಧದ ಅಂಗಡಿಯಲ್ಲಿ ಕೇಳಿದರೂ ಇಂದು ಪುಟ್ಟದೊಂದು ಪೊಟ್ಟಣ ದೊರೆಯುತ್ತದೆ. ಅದರೊಳಗೆ ಬೆರಳುದ್ದದ ಒಂದು ಬಿಳಿಯ ಪ್ಲಾಸ್ಟಿಕ್ ಕಾರ್ಡು, ಹನಿ ಬಿಡುವ ಒಂದು ನಳಿಕೆ, ತೇವವನ್ನು ಹೀರುವ ಹರಳುಗಳ ಒಂದು ಚಿಕ್ಕ ಚೀಲ, ಇಷ್ಟೇ. ಹೆಂಗಸು ತನ್ನ ಮೂತ್ರದ ಎರಡು ಮೂರು ಹನಿಗಳನ್ನು ಆ ಕಾರ್ಡಿನ ಗುಳಿಯಲ್ಲಿ ಬಿಟ್ಟು ಐದು ನಿಮಿಷ ಕಾದರೆ, ತಾನು ಗರ್ಭಿಣಿಯೇ ಅಲ್ಲವೇ ಎಂಬ ಪ್ರಶ್ನೆಗೆ ಅದು ಒಂದು ಗೆರೆ ಅಥವಾ ಎರಡು ಗೆರೆಗಳಲ್ಲಿ ಉತ್ತರ ಕೊಡುತ್ತದೆ. ಇದಕ್ಕೆ ವೈದ್ಯನ ಚೀಟಿ ಬೇಡ, ಪ್ರಯೋಗಶಾಲೆ ಬೇಡ. ಅಕ್ಷರ ಬಲ್ಲವರು ಯಾರೇ ಆದರೂ ಮಾಡಬಹುದಾದ ಪರೀಕ್ಷೆ ಇದು.

ಪೊಟ್ಟಣವು ಚಿಕ್ಕದಾದರೂ ಅದು ತಂದ ಮಾರ್ಪಾಡು ಚಿಕ್ಕದಲ್ಲ. ಸಾವಿರಾರು ವರ್ಷಗಳ ಕಾಲ ಹೆಂಗಸು ತನ್ನ ಒಡಲಿನ ಸುದ್ದಿಯನ್ನು ಇತರರ ಬಾಯಿಂದ ಕೇಳಬೇಕಾಗಿತ್ತು. ಸೂಲಗಿತ್ತಿಯೋ ಅತ್ತೆಯೋ ಪಂಡಿತನೋ ಡಾಕ್ಟರೋ ಹೇಳಿದ ಮೇಲೆಯೇ ಅವಳಿಗೆ ನಿಶ್ಚಯ. ಗರ್ಭದ ಸುದ್ದಿಯನ್ನು ಮೊದಲು ತಿಳಿಯುವ ಹಕ್ಕು ಗರ್ಭವನ್ನು ಹೊರುವವಳದು; ಅದನ್ನು ಯಾರಿಗೆ, ಎಂದು ಹೇಳಬೇಕೆಂಬ ತೀರ್ಮಾನವೂ ಅವಳದೇ. ವಿಜ್ಞಾನವು ಈ ಹಕ್ಕನ್ನು ಅವಳ ಕೈಗೆ ಕೊಟ್ಟಾಗಿದೆ. ನಮ್ಮ ಸಮಾಜ ಇನ್ನೂ ಪೂರ್ತಿಯಾಗಿ ಕೊಟ್ಟಿಲ್ಲ. ಇದೇ ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮಾತು. ಅದಕ್ಕೆ ಮೊದಲು ಈ ಪರೀಕ್ಷೆ ನಡೆದು ಬಂದ ದಾರಿಯನ್ನು ವಾಚಕರ ಮುಂದಿಡುವುದು ಉಚಿತ.

ಊಹೆಯ ಕಾಲ

ಗರ್ಭದ ಮೊದಲ ಕುರುಹು ತಿಂಗಳು ತಪ್ಪುವುದು. ಆದರೆ ತಿಂಗಳು ತಪ್ಪಿದ್ದೆಲ್ಲ ಗರ್ಭವಲ್ಲ. ಪೌಷ್ಟಿಕಾಂಶದ ಕೊರತೆ, ಥೈರಾಯಿಡ್ ಗ್ರಂಥಿಯ ಏರುಪೇರು, ಅಂಡಾಶಯದ ತೊಂದರೆಗಳು, ತೀವ್ರವಾದ ಚಿಂತೆ, ಎದೆಹಾಲೂಡಿಸುವ ಅವಧಿ, ಇವೆಲ್ಲವೂ ಮುಟ್ಟನ್ನು ಮುಂದೂಡಬಲ್ಲವು. ವಾಕರಿಕೆ, ಬಯಕೆ, ಬೆಳಗಿನ ಆಯಾಸಗಳೂ ಹಾಗೆಯೇ. ಕೆಲವರಲ್ಲಿ ಉಂಟು, ಕೆಲವರಲ್ಲಿ ಇಲ್ಲ. ಚೊಚ್ಚಲ ಬಸುರಿಗೆ ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ತಿಳಿಯುವುದು ಸಾಮಾನ್ಯವಾಗಿ ಹದಿನೆಂಟು ಇಪ್ಪತ್ತನೆಯ ವಾರದ ಹೊತ್ತಿಗೆ. ಅಲ್ಲಿಯವರೆಗೂ ಊಹೆಯೇ ಗತಿ.

ಈ ಊಹೆಯನ್ನು ನಿಶ್ಚಯಗೊಳಿಸಬೇಕೆಂಬ ಹಂಬಲ ಬಹು ಹಳೆಯದು. ಕ್ರಿ.ಪೂ. 1350ರ ಸುಮಾರಿನ ಈಜಿಪ್ಟಿನ ಪಪೈರಸ್ ಬರಹವೊಂದರಲ್ಲಿ ಹೆಂಗಸಿನ ಮೂತ್ರದಿಂದ ಗೋಧಿಯನ್ನೂ ಬಾರ್ಲಿಯನ್ನೂ ಪ್ರತಿದಿನ ನೆನೆಸಿಡುವ ವಿಧಾನವಿದೆ. ಕಾಳು ಮೊಳೆತರೆ ಗರ್ಭ ಉಂಟು. ಬಾರ್ಲಿ ಮೊಳೆತರೆ ಗಂಡು, ಗೋಧಿ ಮೊಳೆತರೆ ಹೆಣ್ಣು. ಎರಡೂ ಮೊಳೆಯದಿದ್ದರೆ ಗರ್ಭವಿಲ್ಲ ಎಂಬುದು ಅವರ ಲೆಕ್ಕ. 1963ರಲ್ಲಿ ಈಜಿಪ್ಟಿನ ವಿಜ್ಞಾನಿಗಳು ಇದನ್ನು ಪ್ರಯೋಗಶಾಲೆಯಲ್ಲಿ ಮಾಡಿ ನೋಡಿದಾಗ, ಗರ್ಭಿಣಿಯರ ಮೂತ್ರದ ನೂರು ಮಾದರಿಗಳಲ್ಲಿ ಸುಮಾರು 70ರಷ್ಟು ಕಾಳನ್ನು ಮೊಳೆಯಿಸಿದವು. ಗಂಡಸರ ಮತ್ತು ಗರ್ಭಿಣಿಯರಲ್ಲದ ಹೆಂಗಸರ ಮೂತ್ರ ಮೊಳೆಯಿಸಲಿಲ್ಲ. ಗಂಡು ಹೆಣ್ಣಿನ ಭವಿಷ್ಯ ಮಾತ್ರ ಸುಳ್ಳಾಯಿತು.

ಪ್ರಾಚೀನರ ಈ ಅರ್ಧ ಯಶಸ್ಸನ್ನು ಕಂಡು ನಮ್ಮ ಕೆಲವರು ಹಿಗ್ಗಬಹುದು. ಸಕ್ಕರೆ, ಉಪ್ಪು, ಸಾಬೂನು, ಟೂತ್‌ಪೇಸ್ಟುಗಳ ಮೇಲೆ ಮೂತ್ರವನ್ನು ಸುರಿದು ನೊರೆಯನ್ನೋ ಗಂಟನ್ನೋ ನೋಡಿ ಗರ್ಭವನ್ನು ನಿರ್ಣಯಿಸಬಹುದೆಂಬ ಮಾತು ಇಂದಿಗೂ ಮನೆಯಿಂದ ಮನೆಗೆ ಹರಡುತ್ತಿದೆ. ಇವುಗಳಿಗೆ ಯಾವ ಆಧಾರವೂ ಇಲ್ಲ. ಗರ್ಭದ ಸುಳಿವನ್ನು ಮೂತ್ರದಲ್ಲಿ ಹುಡುಕಬೇಕೆಂಬ ಈಜಿಪ್ಟಿನವರ ದಿಕ್ಕು ಸರಿಯಾಗಿತ್ತು. ಅಲ್ಲಿ ಏನನ್ನು ಹುಡುಕಬೇಕೆಂಬುದು ಇಪ್ಪತ್ತನೆಯ ಶತಮಾನದವರೆಗೆ ಯಾರಿಗೂ ತಿಳಿದಿರಲಿಲ್ಲ.

ಗರ್ಭವು ಕಳುಹಿಸುವ ಓಲೆ

ಅಂಡವು ಫಲಿತವಾದ ಮೇಲೆ ಗರ್ಭಾಶಯವನ್ನು ಸೇರಿ, ಸುಮಾರು ಆರರಿಂದ ಹತ್ತು ದಿನಗಳಲ್ಲಿ ಅದರ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಬೇರೂರಿದ ಕ್ಷಣದಿಂದ ಅದಕ್ಕೊಂದು ಗಂಡಾಂತರ ಕಾದಿರುತ್ತದೆ. ಮುಂದಿನ ಮುಟ್ಟು ಬಂದರೆ ಗೋಡೆಯ ಪದರವೆಲ್ಲ ಕಳಚಿ ಹೋಗುತ್ತದೆ. ಅದರೊಡನೆ ಭ್ರೂಣವೂ ಹೋಗಬೇಕು. ಆದುದರಿಂದ ಭ್ರೂಣದ ಹೊರಪದರದ ಕೋಶಗಳು ತಾಯಿಯ ರಕ್ತಕ್ಕೆ ಒಂದು ಹಾರ್ಮೋನನ್ನು ಸುರಿಸತೊಡಗುತ್ತವೆ. ಹ್ಯೂಮನ್ ಕೊರಿಯಾನಿಕ್ ಗೊನಡೊಟ್ರೋಪಿನ್ ಎಂದು ಅದರ ಪೂರ್ಣನಾಮ. ಎಚ್‌ಸಿಜಿ ಎಂದು ಚುಟುಕಾಗಿ ಕರೆಯುವುದು ವಾಡಿಕೆ. ಅದು ಅಂಡಾಶಯವನ್ನು ಮುಟ್ಟಿ, ಪ್ರೊಜೆಸ್ಟರಾನಿನ ಉತ್ಪಾದನೆ ನಿಲ್ಲದಂತೆ ಕಾಪಾಡುತ್ತದೆ. ಪ್ರೊಜೆಸ್ಟರಾನ್ ಇರುವವರೆಗೆ ಗರ್ಭಾಶಯದ ಪದರ ಕಳಚುವುದಿಲ್ಲ; ಮುಟ್ಟು ನಿಲ್ಲುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಯಾವ ವಸ್ತುವಿನಿಂದ ಮುಟ್ಟು ನಿಂತಿತೋ ಅದೇ ವಸ್ತುವನ್ನು ಪರೀಕ್ಷೆಯ ಕಾರ್ಡು ಗುರುತಿಸುತ್ತದೆ. ಎಚ್‌ಸಿಜಿ ರಕ್ತದಿಂದ ಮೂತ್ರಕ್ಕೆ ಇಳಿಯುತ್ತದೆ. ಮೊದಲ ವಾರಗಳಲ್ಲಿ ಎರಡು ಮೂರು ದಿನಗಳಿಗೊಮ್ಮೆ ಅದರ ಮೊತ್ತ ಇಮ್ಮಡಿಯಾಗುತ್ತಾ ಹೋಗುತ್ತದೆ. ತಾಯಿಯ ಅಂಡಾಶಯಕ್ಕೆಂದು ಭ್ರೂಣವು ಬರೆದ ಓಲೆಯನ್ನು ನಾವು ದಾರಿಯಲ್ಲಿ ತೆರೆದು ಓದುತ್ತಿದ್ದೇವೆ ಎನ್ನಬಹುದು.

ಇಲಿ, ಮೊಲ, ಕಪ್ಪೆ

ಈ ಓಲೆಯನ್ನು ಮೊದಲು ಓದಿದವರು ಬರ್ಲಿನ್ನಿನ ಸೆಲ್ಮರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಜೊಂಡೆಕ್. 1920ರ ದಶಕದ ಕೊನೆಯಲ್ಲಿ ಅವರು ಗರ್ಭಿಣಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿದರು. ಇನ್ನೂ ಪ್ರಾಯಕ್ಕೆ ಬಾರದ ಆ ಇಲಿಗಳ ಅಂಡಾಶಯಗಳು ಕೆಲವೇ ದಿನಗಳಲ್ಲಿ ಬಲಿತವು. ಆದರೆ ಅದನ್ನು ನೋಡಬೇಕಾದರೆ ಇಲಿಯನ್ನು ಕೊಂದು ಕೊಯ್ಯಬೇಕು. 1931ರಲ್ಲಿ ಅಮೆರಿಕದ ಮಾರಿಸ್ ಫ್ರೀಡ್‌ಮನ್ ಇಲಿಯ ಬದಲು ಮೊಲವನ್ನು ಬಳಸಿದನು. ಮೊಲ ಸತ್ತರೆ ಗರ್ಭ ಉಂಟೆಂದು ಅರ್ಥ ಎಂಬ ತಪ್ಪು ನಂಬಿಕೆ ಆ ದೇಶದಲ್ಲಿ ಬಹುಕಾಲ ಉಳಿದಿತ್ತು; ನಿಜವಾಗಿ ಉತ್ತರ ಏನೇ ಇರಲಿ, ನೋಡುವ ಸಲುವಾಗಿ ಮೊಲವನ್ನು ಕೊಯ್ಯುತ್ತಿದ್ದರು.

ಮುಂದೆ ಬಂದದ್ದು ದಕ್ಷಿಣ ಆಫ್ರಿಕದ ಉಗುರುಕಪ್ಪೆ. ಕೇಪ್‌ಟೌನಿನಲ್ಲಿದ್ದ ಲ್ಯಾನ್ಸೆಲಾಟ್ ಹಾಗ್ಬೆನ್ ಎಂಬ ಪ್ರಾಣಿವಿಜ್ಞಾನಿಯ ಸಂಶೋಧನೆಗಳಿಂದ ಈ ದಾರಿ ತೆರೆಯಿತು. ಗರ್ಭಿಣಿಯ ಮೂತ್ರವನ್ನು ಹೆಣ್ಣುಕಪ್ಪೆಗೆ ಚುಚ್ಚಿದರೆ ಅದು ಅರ್ಧ ದಿನದೊಳಗೆ ಮೊಟ್ಟೆಯಿಡುತ್ತದೆ. ಕಪ್ಪೆಯನ್ನು ಕೊಲ್ಲಬೇಕಾಗಿಲ್ಲ, ಕೆಲವು ವಾರ ವಿಶ್ರಾಂತಿ ಕೊಟ್ಟು ಮತ್ತೆ ಬಳಸಬಹುದು. ಹೀಗೆ ಸಾವಿರಾರು ಕಪ್ಪೆಗಳು ಹಡಗೇರಿ ಪರದೇಶಗಳ ಪ್ರಯೋಗಶಾಲೆಗಳನ್ನು ಸೇರಿದವು.

ಈ ಎಲ್ಲ ಪರೀಕ್ಷೆಗಳೂ ನಂಬತಕ್ಕವೇ ಆಗಿದ್ದವು. ಆದರೆ ಪ್ರಾಣಿಗಳನ್ನು ಸಾಕುವ ಪ್ರಯೋಗಶಾಲೆ ಎಲ್ಲ ಕಡೆ ಇರಲು ಸಾಧ್ಯವೆ? ಹೆಂಗಸು ಡಾಕ್ಟರಲ್ಲಿಗೆ ಹೋಗಬೇಕು. ಡಾಕ್ಟರು ಮೂತ್ರವನ್ನು ಶಾಲೆಗೆ ಕಳುಹಿಸಬೇಕು. ಶಾಲೆಯು ಡಾಕ್ಟರಿಗೆ ಬರೆಯಬೇಕು. ಡಾಕ್ಟರು ಸಮಯ ಕಂಡಾಗ ಅವಳಿಗೆ ತಿಳಿಸಬೇಕು. ಖರ್ಚಿನ ದೆಸೆಯಿಂದ ಈ ಪರೀಕ್ಷೆಗಳು ಸಾಮಾನ್ಯ ಹೆಂಗಸಿನ ಕುತೂಹಲಕ್ಕಾಗಿ ಇರಲಿಲ್ಲ. ವೈದ್ಯಕೀಯ ತುರ್ತಿಗಾಗಿ ಇದ್ದವು. ಪ್ರಶ್ನೆ ಅವಳದು, ಮೂತ್ರ ಅವಳದು, ಉತ್ತರ ಮಾತ್ರ ಅವಳಿಗೆ ಕಟ್ಟಕಡೆಗೆ ಬರುತ್ತಿತ್ತು.

ಇದಕ್ಕಿಂತ ಕಳವಳಕಾರಿಯಾದ ಒಂದು ಅಧ್ಯಾಯವೂ ಉಂಟು. ಕಳೆದ ಶತಮಾನದ ನಡುಭಾಗದಲ್ಲಿ ಹಾರ್ಮೋನಿನ ಗುಳಿಗೆಗಳನ್ನೇ ಗರ್ಭಪರೀಕ್ಷೆಯಾಗಿ ಕೊಡುವ ಪದ್ಧತಿ ಅನೇಕ ದೇಶಗಳಲ್ಲಿ ನಡೆಯಿತು. ನುಂಗಿದ ಕೆಲವು ದಿನಗಳಲ್ಲಿ ರಕ್ತಸ್ರಾವವಾದರೆ ಗರ್ಭವಿಲ್ಲ, ಆಗದಿದ್ದರೆ ಗರ್ಭವುಂಟು ಎಂದು ತಿಳಿಯುವ ಕ್ರಮ ಅದು. ಮಗುವಿದೆಯೇ ಎಂದು ತಿಳಿಯುವ ಸಲುವಾಗಿ, ಇರಬಹುದಾದ ಮಗುವಿಗೇ ಔಷಧವನ್ನು ಉಣಿಸುವ ಈ ವಿಧಾನದ ಮೇಲೆ ಸಂಶಯ ಹುಟ್ಟಿದ್ದು ಸಹಜ. ಬ್ರಿಟನ್ನಿನಲ್ಲಿ ಪ್ರೈಮೊಡೋಸ್ ಎಂಬ ಅಂತಹ ಗುಳಿಗೆಯ ಮಾರಾಟ 1978ರಲ್ಲಿ ನಿಂತಿತು. ಅದರಿಂದ ಹಾನಿಯಾಯಿತೇ ಇಲ್ಲವೇ ಎಂಬ ವಾದ ಆಮೇಲೆ ದಶಕಗಳ ಕಾಲ ನಡೆಯಿತು. ನಮ್ಮ ದೇಶದಲ್ಲಿಯೂ ಇಂತಹ ಔಷಧಗಳ ವಿರುದ್ಧ 1980ರ ದಶಕದಲ್ಲಿ ಮಹಿಳಾ ಸಂಘಟನೆಗಳು ಹೋರಾಡಬೇಕಾಯಿತು. ಹೆಂಗಸಿನ ಕೈಗೆ ಸರಳವಾದ ಪರೀಕ್ಷೆ ಬಾರದಿದ್ದುದರ ಬೆಲೆಯಲ್ಲಿ ಇದೂ ಒಂದೆಂದು ನಾವು ಭಾವಿಸುತ್ತೇವೆ.

ಕನ್ನಡಿಯ ಮೇಲಿನ ನಳಿಗೆಗಳು

1960ರಲ್ಲಿ ಸ್ವೀಡನ್ನಿನ ಲೀಫ್ ವೀಡ್ ಮತ್ತು ಕಾರ್ಲ್ ಗೆಮ್‌ಜೆಲ್ ಪ್ರಾಣಿಗಳನ್ನು ಚುಚ್ಚದೆ ಗಾಜಿನ ನಳಿಗೆಯಲ್ಲಿಯೇ ಎಚ್‌ಸಿಜಿಯನ್ನು ಪತ್ತೆಹಚ್ಚುವ ವಿಧಾನವನ್ನು ಪ್ರಕಟಿಸಿದರು. ಕುರಿಯ ಕೆಂಪು ರಕ್ತಕಣಗಳಿಗೆ ಎಚ್‌ಸಿಜಿಯನ್ನು ಲೇಪಿಸಿ, ಅದನ್ನು ಹಿಡಿಯಬಲ್ಲ ಪ್ರತಿಕಾಯಗಳೊಡನೆ ಬೆರೆಸಿದರೆ ಕಣಗಳು ಒಂದಕ್ಕೊಂದು ಅಂಟಿ ಹರಡಿಕೊಳ್ಳುತ್ತವೆ. ಮೂತ್ರದಲ್ಲಿ ಮೊದಲೇ ಎಚ್‌ಸಿಜಿ ಇದ್ದರೆ ಪ್ರತಿಕಾಯಗಳೆಲ್ಲ ಅದನ್ನು ಹಿಡಿಯುವುದರಲ್ಲಿ ತೀರಿಹೋಗುತ್ತವೆ. ಕಣಗಳು ಅಂಟದೆ ಜಾರಿ, ನಳಿಗೆಯ ತಳದಲ್ಲಿ ಉಂಗುರವಾಗಿ ಕೂಡುತ್ತವೆ. ಉಂಗುರ ಕಂಡರೆ ಗರ್ಭ ಉಂಟು.

ಇಷ್ಟು ಸರಳವಾದ ಮೇಲೆಯೂ ಪರೀಕ್ಷೆ ಪ್ರಯೋಗಶಾಲೆಯಲ್ಲಿಯೇ ಉಳಿಯಿತು. ಅದನ್ನು ಹೊರಗೆ ತರಬೇಕೆಂಬ ಯೋಚನೆ ಹೊಳೆದದ್ದು ವಿಜ್ಞಾನಿಯಲ್ಲದ ಒಬ್ಬ ಹೆಂಗಸಿಗೆ. ಮಾರ್ಗರೆಟ್ ಕ್ರೇನ್ ಎಂಬ ಇಪ್ಪತ್ತಾರು ವರ್ಷದ ಚಿತ್ರವಿನ್ಯಾಸಕಿ 1967ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆರ್ಗನಾನ್ ಎಂಬ ಔಷಧದ ಕಂಪೆನಿಗಾಗಿ ಸೌಂದರ್ಯಸಾಧನಗಳ ವಿನ್ಯಾಸ ಮಾಡುತ್ತಿದ್ದಳು. ಅಲ್ಲಿನ ಪ್ರಯೋಗಶಾಲೆಯಲ್ಲಿ ಕನ್ನಡಿಯ ಮೇಲೆ ಸಾಲಾಗಿ ತೂಗುತ್ತಿದ್ದ ನಳಿಗೆಗಳನ್ನು ಕಂಡು, ಅವು ಏನೆಂದು ಕೇಳಿದಳು. ಡಾಕ್ಟರುಗಳು ಕಳುಹಿಸಿದ ಗರ್ಭಪರೀಕ್ಷೆಗಳು ಎಂಬ ಉತ್ತರ ಬಂತು. ಇದನ್ನು ಹೆಂಗಸು ಮನೆಯಲ್ಲಿಯೇ ಏಕೆ ಮಾಡಿಕೊಳ್ಳಬಾರದು ಎಂಬ ಪ್ರಶ್ನೆ ಅವಳಿಗೆ ಹುಟ್ಟಿತು. ಕಾಗದದ ಕ್ಲಿಪ್ಪುಗಳನ್ನಿಡುವ ಪಾರದರ್ಶಕ ಡಬ್ಬಿಯೊಂದನ್ನು ಮಾದರಿಯಾಗಿಟ್ಟುಕೊಂಡು ಅವಳು ನಳಿಗೆ, ಹನಿಕೊಳವೆ, ಕನ್ನಡಿಗಳನ್ನು ಒಳಗೊಂಡ ಪುಟ್ಟ ಪೆಟ್ಟಿಗೆಯನ್ನು ರಚಿಸಿದಳು.

ಕಂಪೆನಿಯವರು ಮೊದಲು ಒಪ್ಪಲಿಲ್ಲ. ತಮ್ಮ ಗಿರಾಕಿಗಳಾದ ಡಾಕ್ಟರುಗಳು ಕೈಬಿಟ್ಟುಹೋಗುತ್ತಾರೆಂಬ ಭಯ ಅವರಿಗೆ. ಹೆಂಗಸರು ಸೂಚನೆಗಳನ್ನು ಸರಿಯಾಗಿ ಅನುಸರಿಸಲಾರರು, ಫಲವನ್ನು ತಪ್ಪಾಗಿ ಓದಿ ಗಾಬರಿಯಾಗುತ್ತಾರೆ ಎಂಬ ಆಕ್ಷೇಪವೂ ವೈದ್ಯರ ವಲಯದಲ್ಲಿ ಕೇಳಿಬಂತು. ಕಡೆಗೆ 1971ರಲ್ಲಿ ‘ಪ್ರೆಡಿಕ್ಟರ್’ ಎಂಬ ಹೆಸರಿನಲ್ಲಿ ಅದು ಕೆನಡಾದ ಅಂಗಡಿಗಳಿಗೆ ಬಂತು. ಅಮೆರಿಕದ ಹೆಂಗಸರ ಕೈಗೆ ಮನೆಯ ಪರೀಕ್ಷೆ ಸಿಕ್ಕಿದ್ದು 1977ರ ಹೊತ್ತಿಗೆ. ಪೇಟೆಂಟಿನ ಹಕ್ಕನ್ನು ಕ್ರೇನ್ ಕಂಪೆನಿಗೆ ಒಂದು ಡಾಲರಿಗೆ ಬರೆದುಕೊಟ್ಟಿದ್ದಳು. ಆ ಒಂದು ಡಾಲರೂ ತನಗೆ ಬರಲಿಲ್ಲವೆಂದು ಅವಳು ಮುಂದೆ ಹೇಳಿದ್ದಾಳೆ. ಅವಳ ಆ ಮೊದಲ ಮಾದರಿ ಇಂದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಎರಡು ಗೆರೆಗಳ ಮರ್ಮ

ಪ್ರೆಡಿಕ್ಟರಿಗೆ ಎರಡು ಗಂಟೆ ಬೇಕಾಗುತ್ತಿತ್ತು. ಅಷ್ಟು ಹೊತ್ತು ನಳಿಗೆ ಅಲುಗಬಾರದು. ಎಚ್‌ಸಿಜಿಯನ್ನು ಅದರ ಸೋದರ ಹಾರ್ಮೋನುಗಳಿಂದ ಬೇರ್ಪಡಿಸಿ ಗುರುತಿಸುವುದೂ ಕಷ್ಟವಾಗಿತ್ತು. 1972ರಲ್ಲಿ ಅಮೆರಿಕದ ಜುಡಿತ್ ವೈಟುಕೈಟಿಸ್, ಗ್ಲೆನ್ ಬ್ರೌನ್‌ಸ್ಟೈನ್, ಗ್ರಿಫ್ ರಾಸ್ ಇವರು ಎಚ್‌ಸಿಜಿಯ ಬೀಟಾ ಎಂಬ ಭಾಗವನ್ನು ಹಿಡಿದು ಅದನ್ನು ನಿಖರವಾಗಿ ಅಳೆಯುವ ವಿಧಾನವನ್ನು ತೋರಿಸಿದರು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಉಪಾಯವನ್ನು ಕಂಡುಹಿಡಿದು, 1984ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಇವೆರಡೂ ಕೂಡಿದ ಫಲವಾಗಿ 1988ರಲ್ಲಿ, ಒಂದೇ ಹೆಜ್ಜೆಯಲ್ಲಿ ಮುಗಿಯುವ ಪಟ್ಟಿಯ ಪರೀಕ್ಷೆ ಮಾರುಕಟ್ಟೆಗೆ ಬಂತು.

ನಮ್ಮ ಅಂಗಡಿಗಳ ಕಾರ್ಡೂ ಇದೇ ಜಾತಿಯದು. ‘ಎಸ್’ ಎಂಬ ಗುರುತಿನ ಗುಳಿಯಲ್ಲಿ ಬಿದ್ದ ಮೂತ್ರವು, ಬತ್ತಿಗೆ ಎಣ್ಣೆ ಏರುವಂತೆ, ಒಳಗಿನ ಪಟ್ಟಿಯಲ್ಲಿ ಹರಿಯುತ್ತದೆ. ದಾರಿಯಲ್ಲಿ ಅತಿ ಸೂಕ್ಷ್ಮವಾದ ಬಣ್ಣದ ಕಣಗಳಿಗೆ, ಅನೇಕ ವೇಳೆ ಚಿನ್ನದ ಕಣಗಳಿಗೆ, ಅಂಟಿಸಿದ ಪ್ರತಿಕಾಯಗಳು ಕಾದಿರುತ್ತವೆ. ಎಚ್‌ಸಿಜಿ ಇದ್ದರೆ ಅವು ಅದನ್ನು ಹಿಡಿದುಕೊಂಡೇ ಮುಂದೆ ಸಾಗುತ್ತವೆ. ‘ಟಿ’ ಎಂಬ ಗೆರೆಯಲ್ಲಿ ನೆಲೆಯಾಗಿ ನಿಂತ ಇನ್ನೊಂದು ಪ್ರತಿಕಾಯವು ಅದೇ ಎಚ್‌ಸಿಜಿಯನ್ನು ಮತ್ತೊಂದು ಬದಿಯಿಂದ ಹಿಡಿಯುತ್ತದೆ; ಬಣ್ಣದ ಕಣಗಳು ಅಲ್ಲಿ ಸಿಕ್ಕಿ ಗೆರೆ ಮೂಡುತ್ತದೆ. ಎಚ್‌ಸಿಜಿ ಇಲ್ಲದಿದ್ದರೆ ಕಣಗಳು ಆ ಗೆರೆಯನ್ನು ದಾಟಿ ಹೋಗುತ್ತವೆ. ‘ಸಿ’ ಎಂಬ ಗೆರೆ ಮಾತ್ರ ಎರಡೂ ಪ್ರಸಂಗದಲ್ಲಿ ಮೂಡಲೇಬೇಕು. ಅದು ಮೂಡದಿದ್ದರೆ ಪರೀಕ್ಷೆಯೇ ನಡೆದಿಲ್ಲವೆಂದು ತಿಳಿದು ಹೊಸ ಕಾರ್ಡನ್ನು ಬಳಸತಕ್ಕದ್ದು. ಕೋವಿಡ್ ಹರಡಿದ್ದ ವರ್ಷಗಳಲ್ಲಿ ಮೂಗಿನ ದ್ರವದಿಂದ ಮಾಡಿದ ತ್ವರಿತ ಪರೀಕ್ಷೆಯ ಕಾರ್ಡು ಇದೇ ತತ್ತ್ವದ ಮೇಲೆ ನಿಂತದ್ದೆಂಬುದನ್ನು ವಾಚಕರು ಬಲ್ಲರು.

ಬೇಗ ತಿಳಿದರೆ ಏನು ಲಾಭ?

ನಾಲ್ಕು ದಿನ ತಡವಾಗಿ ತಿಳಿದರೆ ಏನು ಮುಳುಗಿಹೋಗುತ್ತದೆ ಎಂದು ಕೇಳುವವರುಂಟು. ಅವರು ಒಂದು ಲೆಕ್ಕವನ್ನು ಗಮನಿಸಬೇಕು. ಮಗುವಿನ ಮಿದುಳು ಬೆನ್ನುಹುರಿಗಳಾಗಿ ಬೆಳೆಯುವ ನರನಾಳವು ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿದ್ದು ಅರಿವಿಗೆ ಬರುವಾಗ ಅದರಲ್ಲಿ ಸುಮಾರು 14 ದಿನ ಆಗಲೇ ಕಳೆದಿರುತ್ತವೆ. ನರನಾಳದ ದೋಷಗಳನ್ನು ಬಹುಮಟ್ಟಿಗೆ ತಡೆಯಬಲ್ಲ ಫೋಲಿಕ್ ಆಮ್ಲವನ್ನು ಗರ್ಭಕ್ಕೆ ಮೊದಲೇ ಆರಂಭಿಸುವುದು ಉತ್ತಮ. ಆರಂಭಿಸದವಳಿಗೆ ಉಳಿದಿರುವುದು ಈ ಎರಡು ವಾರ ಮಾತ್ರ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೋಯೇಟ್ ಮುಂತಾದ ಕೆಲವು ಔಷಧಗಳು ಭ್ರೂಣವನ್ನು ವಿಕಾರಗೊಳಿಸಬಲ್ಲವು. ಅಂತಹವನ್ನು ಸೇವಿಸುವವಳು ಗರ್ಭದ ಸುದ್ದಿ ತಿಳಿದೊಡನೆ, ತಾನಾಗಿ ಔಷಧವನ್ನು ನಿಲ್ಲಿಸದೆ, ಅಂದೇ ವೈದ್ಯರನ್ನು ಕಾಣಬೇಕಾಗುತ್ತದೆ.

ಗರ್ಭ ಬೇಡವಾದವಳಿಗೂ ಕಾಲವೇ ಮುಖ್ಯ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಕಾಯಿದೆ ಹೇಳುವ ಕಾರಣಗಳಿದ್ದಲ್ಲಿ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯನ ಅಭಿಪ್ರಾಯ ಸಾಕು. ಆಮೇಲೆ 24 ವಾರಗಳವರೆಗೆ ಗೊತ್ತುಪಡಿಸಿದ ವರ್ಗದವರಿಗೆ ಮಾತ್ರ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶವಿದೆ. ವೈದ್ಯರು ವಾರಗಳನ್ನು ಎಣಿಸುವುದು ಕಡೆಯ ಮುಟ್ಟಿನ ಮೊದಲ ದಿನದಿಂದ. ಎಂದರೆ ತಿಂಗಳು ತಪ್ಪಿದ ದಿನವೇ ಲೆಕ್ಕದಲ್ಲಿ ನಾಲ್ಕು ವಾರ ಕಳೆದಿರುತ್ತದೆ! ಪ್ರಾಪ್ತವಯಸ್ಕಳಾದ ಹೆಂಗಸಿಗೆ ಈ ಕಾಯಿದೆಯಲ್ಲಿ ತನ್ನ ಒಪ್ಪಿಗೆಯೇ ಸಾಕು, ಗಂಡನದು ಬೇಕಿಲ್ಲ. ಅವಳ ಹೆಸರನ್ನು ಗುಟ್ಟಾಗಿಡಬೇಕೆಂಬ ನಿಯಮವೂ ಇದೆ. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು 20ರಿಂದ 24 ವಾರಗಳ ಅವಕಾಶವನ್ನು ಮದುವೆಯಾಗದವರಿಗೆ ನಿರಾಕರಿಸಲಾಗದೆಂದು ತೀರ್ಪಿತ್ತಿತು. ಕಾಯಿದೆ ಇಷ್ಟು ದೂರ ಬಂದಿರುವಾಗ ಮನೆ ಅಷ್ಟು ದೂರ ಬರಬಾರದೆ?

ಹಳ್ಳಿಯ ಹೆಂಗಸಿಗಾಗಿ ಸರಕಾರವು ‘ನಿಶ್ಚಯ್’ ಎಂಬ ಹೆಸರಿನ ಕಾರ್ಡುಗಳನ್ನು ಆಶಾ ಕಾರ್ಯಕರ್ತೆಯರ ಮೂಲಕ ಉಚಿತವಾಗಿ ಕೊಡುವ ಏರ್ಪಾಡು ಮಾಡಿತು. ಇದು ಅತ್ಯಂತ ಯೋಗ್ಯವಾದ ಕೆಲಸ. ಆದರೆ ಆಶಾ ಕಾರ್ಯಕರ್ತೆ ಅದೇ ಊರಿನವಳು. ಅವಳು ಕಾರ್ಡು ಕೊಟ್ಟಳೆಂಬುದೇ ಸುದ್ದಿಯಾಗಬಾರದು. ಕಾರ್ಡಿನೊಡನೆ ಗುಟ್ಟನ್ನೂ ಕಾಪಾಡಬೇಕೆಂಬುದು ಅವಳ ತರಬೇತಿಯ ಮೊದಲ ಪಾಠವಾಗತಕ್ಕದ್ದು.

ಕಾರ್ಡು ಹೇಳದ ಸಂಗತಿಗಳು

ಈ ಪರೀಕ್ಷೆಯನ್ನು ಹೊಗಳುವವರು ಅದರ ಮಿತಿಯನ್ನೂ ಹೇಳಬೇಕಾದದ್ದು ಧರ್ಮ. ಮುಟ್ಟು ತಪ್ಪುವುದಕ್ಕೆ ಮೊದಲೇ ಪರೀಕ್ಷಿಸಿದರೆ, ಎಚ್‌ಸಿಜಿ ಸಾಲದೆ ಒಂದೇ ಗೆರೆ ಮೂಡಬಹುದು. ನೀರು ಹೆಚ್ಚಾಗಿ ಕುಡಿದಿದ್ದರೂ ಹೀಗೆಯೇ. ಆದ್ದರಿಂದಲೇ ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಒಂದೇ ಗೆರೆ ಬಂದು, ಮುಟ್ಟು ಮಾತ್ರ ಬಾರದಿದ್ದರೆ, ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡಬೇಕು. ಫಲವನ್ನು ಪೊಟ್ಟಣದ ಮೇಲೆ ಹೇಳಿದ ಅವಧಿಯೊಳಗೆ ಓದಬೇಕು; ಗಂಟೆಗಟ್ಟಲೆ ಬಿಟ್ಟು ನೋಡಿದರೆ ಪಟ್ಟಿ ಒಣಗಿ ಮಸಕು ಗೆರೆಯೊಂದು ಕಾಣಿಸಿ ಮೋಸಮಾಡಬಹುದು. ಬಂಜೆತನದ ಚಿಕಿತ್ಸೆಯಲ್ಲಿ ಎಚ್‌ಸಿಜಿಯನ್ನೇ ಚುಚ್ಚಿಸಿಕೊಂಡವಳಲ್ಲಿ ಗರ್ಭವಿಲ್ಲದೆಯೂ ಎರಡು ಗೆರೆ ಮೂಡಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಇದು. ಗರ್ಭ ಉಂಟೆಂದು ಕಾರ್ಡು ಹೇಳುತ್ತದೆ. ಎಲ್ಲಿ ಉಂಟೆಂದು ಹೇಳಲಾರದು. ನೂರು ಗರ್ಭಗಳಲ್ಲಿ ಒಂದೆರಡು ಗರ್ಭಾಶಯದ ಹೊರಗೆ, ಬಹುತೇಕ ಅಂಡನಾಳದಲ್ಲಿ, ನಿಲ್ಲುತ್ತವೆ. ನಾಳ ಒಡೆದರೆ ಒಳಗೇ ರಕ್ತ ಸುರಿದು ಪ್ರಾಣಕ್ಕೆ ಅಪಾಯ. ಎರಡು ಗೆರೆ ಬಂದ ಮೇಲೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ನೋವು, ರಕ್ತಸ್ರಾವ, ತಲೆಸುತ್ತು ಕಾಣಿಸಿದರೆ ಒಂದು ಕ್ಷಣವೂ ತಡೆಯದೆ ಆಸ್ಪತ್ರೆಗೆ ಹೋಗಬೇಕು. ತಿಂಗಳು ತಪ್ಪಿದವಳಿಗೆ ಇಂತಹ ತೀವ್ರವಾದ ನೋವು ಬಂದರೆ, ಕಾರ್ಡು ಒಂದೇ ಗೆರೆಯನ್ನು ತೋರಿಸಿತೆಂದು ಸುಮ್ಮನಿರಲಾಗದು. ಇದೇ ಕಾರಣದಿಂದ, ಯಾರಿಗೂ ತೋರಿಸದೆ ಅಂಗಡಿಯಿಂದ ಗರ್ಭಪಾತದ ಗುಳಿಗೆಗಳನ್ನು ತಂದು ನುಂಗುವುದು ಅಪಾಯದ ಕೆಲಸ.

ಇಂದಿನ ಪರೀಕ್ಷೆಯ ಸೂಕ್ಷ್ಮತೆಯಿಂದ ಇನ್ನೊಂದು ಸಂಕಟವೂ ಹುಟ್ಟಿದೆ. ಕೆಲವು ಗರ್ಭಗಳು ಬೇರೂರಿದ ಕೆಲವೇ ದಿನಗಳಲ್ಲಿ ತಾವಾಗಿ ಕಳಚಿಹೋಗುತ್ತವೆ. ಹಿಂದೆ ಅದು ಎರಡು ದಿನ ತಡವಾದ ಮುಟ್ಟಷ್ಟೇ. ಇಂದು ಅದು ಮೂಡಿ ಮಾಯವಾದ ಗೆರೆ. ಇಂತಹ ನಷ್ಟ ಅಪರೂಪವಲ್ಲ, ಅದಕ್ಕೆ ಅವಳು ಎತ್ತಿದ ಕೊಡವಾಗಲಿ ತಿಂದ ಹಣ್ಣಾಗಲಿ ಕಾರಣವಲ್ಲ ಎಂಬುದನ್ನು ಮನೆಯವರು ತಿಳಿದಿರಬೇಕು.

ಗೆರೆ ಯಾರ ಸೊತ್ತು?

ಈಗ ಮೊದಲ ಮಾತಿಗೆ ಬರೋಣ. ಮದುವೆಯಾದ ಮೂರು ತಿಂಗಳಿಗೆ ‘ಏನಾದರೂ ವಿಶೇಷ ಉಂಟೆ?’ ಎಂದು ಕೇಳುವುದು ನಮ್ಮಲ್ಲಿ ಕುಶಲಪ್ರಶ್ನೆಯಷ್ಟು ಸಹಜವಾಗಿದೆ. ಕೇಳುವವರ ಮನಸ್ಸಿನಲ್ಲಿ ಕೇಡಿಲ್ಲ. ಆದರೆ ಪ್ರತಿ ತಿಂಗಳೂ ಒಂದೇ ಗೆರೆಯನ್ನು ಕಂಡು ಕಾರ್ಡನ್ನು ಕಾಗದದಲ್ಲಿ ಸುತ್ತಿ ಎಸೆಯುವ ಹೆಂಗಸಿಗೆ ಆ ಪ್ರಶ್ನೆ ಏನಾಗಿ ಕೇಳಿಸುತ್ತದೆಂಬುದನ್ನು ಯೋಚಿಸಿದವರು ಕಡಮೆ. ಕೆಲವು ಮನೆಗಳಲ್ಲಿ ಕಾರ್ಡನ್ನು ತರುವವರೂ ಓದುವವರೂ ಹಿರಿಯರೇ. ಸೊಸೆ ಕೊಡಬೇಕಾದದ್ದು ಮೂತ್ರ ಮಾತ್ರ. ಸೂಲಗಿತ್ತಿಯ ಜಾಗದಲ್ಲಿ ಕಾರ್ಡು ಬಂತೇ ಹೊರತು ಅವಳ ಜಾಗ ಬದಲಾಗಲಿಲ್ಲ.

ಮನೆಯ ಹೊರಗಿನ ಸಂಗತಿ ಇನ್ನೂ ಕಠಿಣ. 2023ರ ಏಪ್ರಿಲಿನಲ್ಲಿ ಮಧ್ಯಪ್ರದೇಶದ ದಿಂಡೋರಿ ಜಿಲ್ಲೆಯಲ್ಲಿ ಸರಕಾರದ ಯೋಜನೆಯಡಿ ನಡೆದ ಸಾಮೂಹಿಕ ವಿವಾಹಕ್ಕೆ ಬಂದ ವಧುಗಳಿಗೆ ಗರ್ಭಪರೀಕ್ಷೆ ಮಾಡಿಸಲಾಯಿತೆಂಬುದು ಸುದ್ದಿಯಾಗಿ, ದೇಶದಲ್ಲಿ ದೊಡ್ಡ ಚರ್ಚೆಯೆದ್ದಿತು. ಗರ್ಭ ಕಂಡ ಕೆಲವರನ್ನು ವಿವಾಹದ ಪಟ್ಟಿಯಿಂದ ಕೈಬಿಡಲಾಯಿತೆಂಬ ವರದಿಗಳೂ ಬಂದವು. ಕಾರ್ಡು ಅದೇ, ಪ್ರತಿಕಾಯ ಅದೇ, ಚಿನ್ನದ ಕಣವೂ ಅದೇ. ಹೆಂಗಸಿಗೆ ತನ್ನ ವಿಷಯವನ್ನು ತಿಳಿಸಲೆಂದು ಹುಟ್ಟಿದ ಉಪಕರಣವನ್ನು ಅಲ್ಲಿ ಅವಳ ವಿಷಯವನ್ನು ಇತರರು ತಿಳಿಯಲು ಬಳಸಲಾಯಿತು. ಹೆಂಗಸಿನ ಮನಃಪೂರ್ವಕವಾದ ಒಪ್ಪಿಗೆಯಿಲ್ಲದೆ ಯಾರೂ, ಯಾವ ಕಾರಣಕ್ಕೂ, ಈ ಪರೀಕ್ಷೆಯನ್ನು ಮಾಡಿಸಕೂಡದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಇದಕ್ಕೆ ಬರುವ ಆಕ್ಷೇಪವನ್ನು ನಾವು ಬಲ್ಲೆವು. ಒಬ್ಬಳೇ ಗುಟ್ಟಾಗಿ ತಿಳಿದುಕೊಂಡು, ಹೆದರಿ, ತಪ್ಪು ದಾರಿ ಹಿಡಿದರೆ? ಮನೆಯವರಿಗೆ ತಿಳಿದಿರುವುದು ಕ್ಷೇಮವಲ್ಲವೆ? ಈ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಒಳ್ಳೆಯ ಸುದ್ದಿಗೂ ಕೆಟ್ಟ ಸುದ್ದಿಗೂ ಜೊತೆ ಬೇಕು. ಆದರೆ ಹೆದರಿಕೆ ಹುಟ್ಟುವುದು ತಿಳಿವಳಿಕೆಯಿಂದಲ್ಲ. ತಿಳಿದ ಮೇಲೆ ಹೇಳಿಕೊಳ್ಳಲು ಜನವಿಲ್ಲದ್ದರಿಂದ. ಮಗಳು ಗುಟ್ಟು ಮಾಡುತ್ತಾಳೆಂಬ ಚಿಂತೆಯಿರುವ ತಾಯಿ, ಮಗಳು ಬಂದು ಹೇಳಬಹುದಾದಂತಹ ತಾಯಿಯಾಗಿರಬೇಕು. ಹೆಂಗಸರು ಸೂಚನೆಯನ್ನು ಓದಲಾರರೆಂದು ಅಂದು ಆಕ್ಷೇಪಿಸಿದವರಿಗೆ, ಅನಂತರದ ಅರ್ಧ ಶತಮಾನದಲ್ಲಿ ಈ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಿಕೊಂಡ ಲೋಕದ ಹೆಂಗಸರೇ ಉತ್ತರ ಕೊಟ್ಟಿದ್ದಾರೆ.

ಆದರೂ ಸೂಚನೆ ಓದುವಂತಿರಬೇಕಷ್ಟೆ. ನಮ್ಮ ನಾಡಿನಲ್ಲಿ ಮಾರುವ ಪ್ರತಿಯೊಂದು ಪೊಟ್ಟಣದಲ್ಲಿಯೂ ಕನ್ನಡದ ಸೂಚನೆ, ಸಾಸಿವೆಯಂತಹ ಅಕ್ಷರಗಳಲ್ಲಲ್ಲದೆ ಸ್ಫುಟವಾಗಿ, ಚಿತ್ರಸಹಿತ ಇರಬೇಕು; ನೋವು ಮತ್ತು ರಕ್ತಸ್ರಾವದ ಎಚ್ಚರಿಕೆ ಅದರಲ್ಲಿ ಮೊದಲು ಬರಬೇಕು. ಮುಟ್ಟು, ಗರ್ಭ, ಪರೀಕ್ಷೆಗಳ ಪಾಠವನ್ನು ಪ್ರೌಢಶಾಲೆಯ ಮೇಷ್ಟ್ರು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸಿಬಿಡಬಾರದು. ಹುಡುಗರೂ ಹುಡುಗಿಯರೂ ಕೂಡಿ ಕೇಳುವಂತೆ ಹೇಳಬೇಕು. ಅಂಗಡಿಯವನು ಪೊಟ್ಟಣವನ್ನು ಕೊಡುವಾಗ, ‘ಯಾರಿಗೆ?’ ಎಂದು ಕೇಳದೆ, ಕೆಮ್ಮಿನ ಔಷಧವನ್ನು ಕೊಟ್ಟಷ್ಟೇ ಸಹಜವಾಗಿ ಕೊಡಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ.

ಭ್ರೂಣವು ಬರೆಯುವ ಮೊದಲ ಓಲೆ ತಾಯಿಯ ಹೆಸರಿಗೇ ಬರುತ್ತದೆ. ಅದನ್ನು ಅವಳೇ ಮೊದಲು ಓದಲಿ. ಓದಿ ನಗುವಳೋ ಅಳುವಳೋ, ಯಾರನ್ನು ಕರೆದು ಹೇಳುವಳೋ, ಅದು ಅವಳಿಗೆ ಬಿಟ್ಟದ್ದು. ಅವಳು ಕರೆದಾಗ ಓಡಿಬಂದು ಪಕ್ಕದಲ್ಲಿ ನಿಲ್ಲುವುದು ಉಳಿದ ನಮ್ಮೆಲ್ಲರ ಕೆಲಸ.